ಎರೆನಾಡಿನ ಜೋಳವು ಎರೆನಾಡಿನ ಪಡಿತರಕ್ಕೇ ಸಲ್ಲಬೇಕೆಂದು ಕೋರುವ ಮನವಿ ಪತ್ರ

ಕರ್ನಾಟಕ ರಾಜ್ಯ ಆಹಾರ ಆಯೋಗದ ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರ ಸನ್ನಿಧಿಗೆ, ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯ ರೈತರೂ ಪಡಿತರ ಚೀಟಿದಾರರಾದ ಗೃಹಿಣಿಯರೂ ವಿಜ್ಞಾಪಿಸಿಕೊಳ್ಳುವುದೇನೆಂದರೆ:

ಭಾದ್ರಪದ ಆಶ್ವಯುಜಗಳ ಮಳೆಯನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಆ ಬಳಿಕ ಚಳಿಗಾಲದ ಇಬ್ಬನಿಯಲ್ಲಿಯೇ ಹಿಂಗಾರಿ ಜೋಳವನ್ನು ತೆನೆಗಟ್ಟಿಸುವ ನಮ್ಮ ಎರೆಭೂಮಿಯು, ತಲೆತಲಾಂತರದಿಂದ ಜನಕ್ಕೆ ರೊಟ್ಟಿಯನ್ನೂ ದನಗಳಿಗೆ ಕಣಿಕೆಯನ್ನೂ ಏಕಕಾಲಕ್ಕೆ ಒದಗಿಸುತ್ತ ಬಂದಿರುವುದು ತಮಗೆ ಅವಿದಿತವಲ್ಲ. ಜೋಳದ ನಡುವೆ ಅಕ್ಕಡಿಯಾಗಿ ಕುಸುಬೆಯನ್ನೋ ಕಡಲೆಯನ್ನೋ ಬಿತ್ತುತ್ತಿದ್ದ ಹಿರಿಯರು ಎಣ್ಣೆಯನ್ನೂ ಬೇಳೆಯನ್ನೂ ಅದೇ ಹೊಲದಿಂದ ಪಡೆಯುತ್ತಿದ್ದರು. ಮಿಕ್ಕ ಕಾಳನ್ನು ಹಗೇವಿನಲ್ಲಿ ತುಂಬಿ, ಬರದ ವರ್ಷಕ್ಕೆಂದು ಕಾಯ್ದಿರಿಸುತ್ತಿದ್ದರು. ರೊಟ್ಟಿ, ಕಾಳುಪಲ್ಯ, ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇವಿಷ್ಟು ಸೇರಿದ ಊಟದಲ್ಲಿ ಪೋಷಣಶಾಸ್ತ್ರಜ್ಞರು ಇಂದು ಬೋಧಿಸುವ ವೈವಿಧ್ಯವು ಮೊದಲಿನಿಂದಲೂ ಇದ್ದಿತು.

ಈಗ ನೀರು ಬಂದಲ್ಲಿ ಕಬ್ಬು, ಬಾರದಲ್ಲಿ ತೊಗರಿ ಮತ್ತು ಹತ್ತಿ. ಇದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ. ಬೇರುಸಹಿತ ಕೈಯಿಂದಲೇ ಕೀಳಬೇಕಾದ ಜೋಳಕ್ಕೆ ಆಳುಗಳು ದೊರೆಯುವುದು ದುರ್ಲಭವಾಗಿದೆ. 2025–26ನೆಯ ಸಾಲಿಗೆ ಮಾಲದಂಡಿ ಜೋಳಕ್ಕೆ ಕ್ವಿಂಟಾಲಿಗೆ 3,749 ರೂಪಾಯಿಗಳ ಬೆಂಬಲ ಬೆಲೆಯು ಘೋಷಿತವಾಗಿದ್ದರೂ, ರಾಶಿ ಮುಗಿದು, ಸಾಲದ ಒತ್ತಡದಿಂದ ಕಾಳು ಅಡತಿ ಅಂಗಡಿಯನ್ನು ಸೇರಿದ ಮೇಲೆ ಖರೀದಿ ಕೇಂದ್ರವು ಬಾಗಿಲು ತೆರೆದರೆ ಆ ಬೆಲೆಯಿಂದ ಬಡ ರೈತನಿಗೆ ಪ್ರಯೋಜನವೇನು? ಜೋಳ ಬೆಳೆದವನೇ ನ್ಯಾಯಬೆಲೆ ಅಂಗಡಿಯ ಮುಂದೆ ಅಕ್ಕಿಯ ಚೀಲ ಹಿಡಿದು ನಿಲ್ಲುವ ಸ್ಥಿತಿಯು ನಮ್ಮ ಮನಸ್ಸನ್ನು ನೋಯಿಸಿದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಜೋಳವೊಂದರಿಂದಲೇ ಈ ಕೊರತೆ ನೀಗುವುದೆಂದು ನಾವು ವಾದಿಸುವುದಿಲ್ಲ; ಆದರೆ ಅನ್ನವೊಂದರಿಂದಲೇ ನೀಗಲಾರದೆಂಬುದೂ ಅಷ್ಟೇ ನಿಶ್ಚಿತ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಒರಟು ಧಾನ್ಯಗಳಿಗೂ ಪಡಿತರದಲ್ಲಿ ಸ್ಥಾನ ಕಲ್ಪಿಸಿದೆಯಲ್ಲದೆ, ಅದರ 12ನೆಯ ಪ್ರಕರಣವು ಪದಾರ್ಥಗಳ ವೈವಿಧ್ಯೀಕರಣವನ್ನೂ ಸ್ಥಳೀಯ ವಿತರಣಾ ಮಾದರಿಗಳಿಗೂ ಧಾನ್ಯ ಬ್ಯಾಂಕುಗಳಿಗೂ ಬೆಂಬಲವನ್ನೂ ಹೇಳಿದೆ. ನಾವು ಬೇಡುವುದು ಈ ಕಾಯಿದೆಯ ಪಾಲನೆಯನ್ನು.

ಆದಕಾರಣ, ಜೋಳದ ಖರೀದಿಯು ಸುಗ್ಗಿಗೆ ಮುನ್ನವೇ ಸಿದ್ಧಗೊಂಡು ಹೋಬಳಿ ಮಟ್ಟದಲ್ಲಿ ನಡೆಯುವಂತೆಯೂ, ಕೊಂಡ ಕಾಳು ದೂರದ ಉಗ್ರಾಣಗಳಲ್ಲಿ ನುಸಿ ಹಿಡಿಯದೆ ತಾಲ್ಲೂಕಿನ ಗೋದಾಮಿನಿಂದಲೇ ಕೆಲವು ತಿಂಗಳೊಳಗೆ ಪಡಿತರಕ್ಕೂ ಅಂಗನವಾಡಿಗೂ ಶಾಲೆಯ ಬಿಸಿಯೂಟಕ್ಕೂ ಸಲ್ಲುವಂತೆಯೂ, ಅದರೊಡನೆ ಇಲ್ಲಿಯ ತೊಗರಿಬೇಳೆ ಕಡಲೆಗಳೂ ಸೇರುವಂತೆಯೂ, ಜೋಳ ಕೀಳುವ ಕೂಲಿಯ ಭಾರದಲ್ಲಿ ಸಣ್ಣ ಹಿಡುವಳಿದಾರನಿಗೆ ನೆರವು ದೊರೆಯುವಂತೆಯೂ ಸರ್ಕಾರಕ್ಕೆ ತಾವು ಸಲಹೆ ನೀಡಬೇಕೆಂದು ಪ್ರಾರ್ಥಿಸುತ್ತೇವೆ. ಅಕ್ಕಿಯನ್ನು ನಿಲ್ಲಿಸಬೇಕೆಂಬುದು ನಮ್ಮ ಬಯಕೆಯಲ್ಲ. ಆಯ್ಕೆಯು ಅಡುಗೆ ಮಾಡುವ ತಾಯಿಯದಾಗಿರಲಿ.

ಹಿಂಗಾರಿಯ ರಾಶಿಯು ಮಾಘ ಫಾಲ್ಗುಣಗಳಲ್ಲಿ ಕಣಕ್ಕೆ ಬರುತ್ತದೆ. ಅದಕ್ಕೆ ಮುಂಚಿತವಾಗಿ ತಾವು ಒಮ್ಮೆ ಈ ಸೀಮೆಗೆ ದಯಮಾಡಿಸಿ, ನಮ್ಮ ಅಹವಾಲನ್ನು ನಮ್ಮ ಹೊಲಗಳಲ್ಲಿಯೇ ನಿಂತು ಆಲಿಸಬೇಕೆಂದು ಬೇಡಿಕೊಳ್ಳುತ್ತೇವೆ.

ಇಂತು ತಮ್ಮ ವಿಶ್ವಾಸಿಗಳು,
ಸಿಂದಗಿ ಸೀಮೆಯ ರೈತರು ಮತ್ತು ಗೃಹಿಣಿಯರು