ಎಳೆಗೂಸಿನ ಇಸುಬು: ಬಾಣಂತನ ಮಾಡುವ ಅಜ್ಜಿಯರಲ್ಲಿ ಒಂದು ಮನವಿ

ಮೂರು ವರ್ಷದ ಹಿಂದೆ ಮಗಳು ಬಾಣಂತನಕ್ಕೆ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದಳು. ಮೊಮ್ಮಗನಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಎರಡೂ ಕೆನ್ನೆ ಕೆಂಪಾದವು. ಡಿಸೆಂಬರಿನ ಒಣ ಚಳಿ, ಗಾಳಿಗೆ ಒಡೆದಿರಬೇಕು ಅಂದುಕೊಂಡೆ. ವಾರದೊಳಗೆ ಕೆನ್ನೆಯಿಂದ ನೀರು ಜಿನುಗಿ ಹಕ್ಕಳೆ ಕಟ್ಟಿತು. ರಾತ್ರಿಯೆಲ್ಲ ಕೂಸು ತಾಯಿಯ ಹೆಗಲಿಗೆ ಮುಖ ಉಜ್ಜಿಕೊಂಡು ಅಳುತ್ತಿತ್ತು. ಮಗಳ ರವಿಕೆಯ ಮೇಲೆ ರಕ್ತದ ಚುಕ್ಕಿಗಳು.

ಮೂರು ಬಾಣಂತನ ಮಾಡಿದ ಕೈ ನನ್ನದು. ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಹಂಡೆಯ ನೀರನ್ನು ಇನ್ನಷ್ಟು ಕಾಯಿಸಿ ಎರೆದೆ, ಕಡಲೆಹಿಟ್ಟು ಹಚ್ಚಿ ತಿಕ್ಕಿದೆ, ಲೋಬಾನದ ಹೊಗೆ ಹಾಕಿದೆ. ನಂಜಾಗುತ್ತದೆಂದು ಮಗಳಿಗೆ ಬದನೆಕಾಯಿ, ಶೇಂಗಾ, ಮೊಟ್ಟೆ ಎಲ್ಲ ಬಿಡಿಸಿದೆ. ಯಾವುದಕ್ಕೂ ಬಗ್ಗದಿದ್ದಾಗ ಕಪಾಟು ತೆರೆದೆ. ನನ್ನ ಕಾಲಿನ ತುರಿಕೆಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದಿದ್ದ ಟ್ಯೂಬ್ ಅಲ್ಲಿತ್ತು. ಅದನ್ನೇ ಕೂಸಿನ ಕೆನ್ನೆಗೆ ಸವರಿದೆ.

ಎರಡೇ ದಿನದಲ್ಲಿ ಕೆನ್ನೆ ತಿಳಿಯಾಯಿತು. ಮನೆಯವರೆಲ್ಲ ನನ್ನನ್ನು ಹೊಗಳಿದರು. ಬಿಟ್ಟ ನಾಲ್ಕು ದಿನಕ್ಕೆ ಮೊದಲಿಗಿಂತ ಜೋರಾಗಿ ಬಂತು. ಮತ್ತೆ ಹಚ್ಚಿದೆ. ಹೀಗೆ ಎರಡು ತಿಂಗಳು. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ಕೂಸಿನ ಕೆನ್ನೆಯ ತೊಗಲು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಒಳಗಿನ ಕೆಂಪು ನರಗಳು ಎಳೆಎಳೆಯಾಗಿ ಕಾಣುತ್ತಿದ್ದವು. ಆ ಟ್ಯೂಬಿನಲ್ಲಿದ್ದದ್ದು ಕ್ಲೋಬೆಟಸಾಲ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೆಲ್ಲ ಅತಿ ಪ್ರಬಲವಾದದ್ದು.

ನನ್ನ ವಾರಿಗೆಯ ಅಜ್ಜಿಯರೇ, ಈ ಮಾತು ಬರೆಯುತ್ತಿರುವುದು ಅದಕ್ಕಾಗಿ. ಅಂಥ ಟ್ಯೂಬುಗಳು ಈಗ ಮನೆಮನೆಯಲ್ಲೂ ಇವೆ. ಸ್ಟೀರಾಯ್ಡಿನ ಜೊತೆಗೆ ಶಿಲೀಂಧ್ರದ ಔಷಧ, ಆ್ಯಂಟಿಬಯೋಟಿಕ್ ಎಲ್ಲ ಕೂಡಿಸಿದ ಮುಲಾಮುಗಳು ತುರಿಕೆಗೂ ಬೇಕು, ಹುಳುಕಡ್ಡಿಗೂ ಬೇಕು, ಮುಖ ಬೆಳ್ಳಗಾಗುವುದಕ್ಕೂ ಬೇಕು ಎಂಬಂತಾಗಿದೆ. ಕೂಸಿನ ಮೈ ಸಣ್ಣದು, ಆದರೆ ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ನಮಗಿಂತ ಹೆಚ್ಚು. ತೊಗಲೂ ತೆಳು. ಹಾಗಾಗಿ ಹಚ್ಚಿದ ಔಷಧ ರಕ್ತಕ್ಕೆ ಇಳಿಯುವ ಪ್ರಮಾಣವೂ ಹೆಚ್ಚು. ಡಯಾಪರ್ ಕಟ್ಟಿದ ಜಾಗದಲ್ಲಂತೂ ಇನ್ನೂ ಹೆಚ್ಚು. ಪ್ರಬಲ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಮುಖ ಊದುವುದು, ಬೆಳವಣಿಗೆ ಕುಂಠಿತವಾಗುವುದು ಕೂಡ ಆಗಬಹುದು. ಮೊಮ್ಮಗ ಅಷ್ಟರಮಟ್ಟಿಗೆ ಹೋಗದೆ ಉಳಿದ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಔಷಧಿ ಅಂಗಡಿಯ ಅಣ್ಣಂದಿರೇ, ನಿಮ್ಮಲ್ಲೂ ಕೈಮುಗಿದು ಕೇಳುತ್ತೇನೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದವರು ಎಷ್ಟು ಒತ್ತಾಯ ಮಾಡಿದರೂ ಆ ಟ್ಯೂಬ್ ಕೊಡಬೇಡಿ.

ಹಾಗೆಂದು ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರುವುದೂ ತಪ್ಪು. ನಾನು ಆ ತಪ್ಪನ್ನೂ ಮಾಡಿದೆ. ಡಾಕ್ಟರು ಕೂಸಿಗೆ ತಕ್ಕ ಸೌಮ್ಯವಾದ ಮುಲಾಮು ಬರೆದುಕೊಟ್ಟಾಗ ‘ಮತ್ತೆ ಅದೇ ವಿಷವೇ?’ ಎಂದು ಹಚ್ಚಲು ಬಿಡಲಿಲ್ಲ. ಇಸುಬು ಕೆರಳಿತು, ಕೂಸು ಮತ್ತೆ ವಾರಗಟ್ಟಲೆ ನಿದ್ದೆಗೆಟ್ಟಿತು. ಆಮೇಲೆ ಡಾಕ್ಟರು ಕೂರಿಸಿ ತಿಳಿಹೇಳಿದರು. ಯಾವ ಶಕ್ತಿಯದು, ಎಲ್ಲಿಗೆ, ಎಷ್ಟು ದಿನ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ನಮ್ಮ ಎರಡು ಅಂಗೈಯಷ್ಟು ಅಗಲದ ಜಾಗಕ್ಕೆ ಅಷ್ಟು ಸಾಕು. ಹೇಳಿದಷ್ಟು ದಿನ ಹಚ್ಚಬೇಕು, ಅವರು ಹೇಳಿದಂತೆಯೇ ನಿಲ್ಲಿಸಬೇಕು.

ಆದರೆ ದಿನನಿತ್ಯದ ಔಷಧ ಅದಲ್ಲ, ಜಿಡ್ಡು. ಇಸುಬಿನ ಕೂಸಿನ ಚರ್ಮ ಸೋರುವ ಮಾಳಿಗೆಯಿದ್ದ ಹಾಗೆ. ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಸೋಪು, ಧೂಳು, ಕ್ರಿಮಿ ಒಳಗೆ ಬಂದು ಕೆರಳಿಸುತ್ತವೆ. ಚರ್ಮದ ಗೋಡೆಯನ್ನು ಭದ್ರವಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ಅನೇಕರಿಗೆ ಹುಟ್ಟಿನಿಂದಲೇ ಕೊರತೆ ಇರುತ್ತದೆಂದು 2006ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಬಸಿರಲ್ಲಿ ತಾಯಿ ಏನು ತಿಂದಳು, ಎಲ್ಲಿ ಕಾಲಿಟ್ಟಳು ಎಂಬುದರಿಂದ ಬಂದದ್ದಲ್ಲ ಇದು.

ಅದಕ್ಕೇ ನೀರು ಉಗುರುಬೆಚ್ಚಗಿದ್ದರೆ ಸಾಕು, ಹತ್ತು ನಿಮಿಷದೊಳಗೆ ಮುಗಿಸಿ. ನಮ್ಮ ಕೈಗೆ ಹಿತವೆನಿಸುವ ಬಿಸಿ ಆ ತೊಗಲಿಗೆ ಬೆಂಕಿ. ಕಡಲೆಹಿಟ್ಟು ತಿಕ್ಕಬೇಡಿ. ಮಾಮೂಲಿ ಸೋಪು ಕ್ಷಾರ, ಚರ್ಮದ ಸ್ವಭಾವ ತುಸು ಹುಳಿ, ಎರಡಕ್ಕೂ ಹೊಂದುವುದಿಲ್ಲ. ಮೈಯನ್ನು ಉಜ್ಜದೆ ಬಟ್ಟೆಯಿಂದ ಒತ್ತಿ ಒರೆಸಿ, ತೇವ ಇರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರನ್ನು ಧಾರಾಳವಾಗಿ ಹಚ್ಚಿ. ದಿನಕ್ಕೆ ಎರಡು ಸಲವಾದರೂ ಬೇಕು, ಮೈಯೆಲ್ಲ ಒಣಗಿದ್ದರೆ ವಾರಕ್ಕೆ 100 ಗ್ರಾಂಗಿಂತ ಹೆಚ್ಚೇ ಖರ್ಚಾಗುತ್ತದೆ. ದುಬಾರಿ ಕ್ರೀಮು ಕೈಗೆಟುಕದಿದ್ದರೆ ಪೆಟ್ರೋಲಿಯಂ ಜೆಲ್ಲಿಯೂ ಆಗುತ್ತದೆ. ನಮ್ಮ ಕೊಬ್ಬರಿ ಎಣ್ಣೆಯೂ ಒಳ್ಳೆಯದೇ, ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಬೇಡ. ಸಾಂಬ್ರಾಣಿ, ಲೋಬಾನದ ಹೊಗೆಯನ್ನು ದಯವಿಟ್ಟು ಬಿಟ್ಟುಬಿಡಿ. ಉಣ್ಣೆಯ ಕುಲಾವಿ ಚರ್ಮಕ್ಕೆ ತಾಗದಂತೆ ಒಳಗೆ ಹತ್ತಿಯ ಬಟ್ಟೆ ಹಾಕಿ.

ಪಥ್ಯದ ವಿಷಯದಲ್ಲಿ ನನಗೆ ಈಗಲೂ ಸಂಕಟವಾಗುತ್ತದೆ. ಮೊಲೆಯುಣಿಸುವ ಮಗಳಿಗೆ ಬರೀ ಅನ್ನ-ಸಾರು ಕೊಟ್ಟು ಸೊರಗಿಸಿದೆ, ಇಸುಬು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಲಂಡನ್ನಿನಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಹೊರಬಂತು. ಚಿಕ್ಕಂದಿನಿಂದ ಶೇಂಗಾ ತಿನ್ನಿಸಿದ ಮಕ್ಕಳಿಗಿಂತ ಶೇಂಗಾ ದೂರವಿಟ್ಟ ಮಕ್ಕಳಲ್ಲೇ ಅದರ ಅಲರ್ಜಿ ಬಹಳ ಹೆಚ್ಚಾಗಿತ್ತು. ಇಸುಬು ಜೋರಾಗಿದ್ದರೆ ಡಾಕ್ಟರನ್ನು ಕೇಳಿಯೇ ಶುರುಮಾಡಿ, ಇಡೀ ಕಾಳು ಕೊಡದೆ ನುಣ್ಣಗೆ ಅರೆದು ಕೊಡಿ. ಆದರೆ ನೀವಾಗಿಯೇ ಬಾಣಂತಿಯ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯಬೇಡಿ.

ನಾಮಕರಣದ ದಿನ ಬಂದವರ ಮಾತು ಮಗಳು ಇವತ್ತಿಗೂ ಮರೆತಿಲ್ಲ. ಒಬ್ಬರು ನಾಗದೋಷ ಅಂದರು, ಇನ್ನೊಬ್ಬರು ‘ಅಂಟಿಕೊಳ್ಳುತ್ತೇನೋ’ ಎಂದು ತಮ್ಮ ಮಗುವನ್ನು ಹಿಂದಕ್ಕೆಳೆದುಕೊಂಡರು. ಇಸುಬು ಅಂಟುಜಾಡ್ಯವಲ್ಲ. ಮನೆಮಂದಿಗೆಲ್ಲ ರಾತ್ರಿ ತುರಿಕೆ ಶುರುವಾದರೆ ಅದು ಕಜ್ಜಿಯಿರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ, ಎಲ್ಲರೂ ಒಟ್ಟಿಗೆ ತೆಗೆದುಕೊಳ್ಳಬೇಕು. ಹರಕೆ ಹೊರುವವರು ಹೊರಲಿ, ಅದು ಅವರವರ ನಂಬಿಕೆ. ಆದರೆ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೂ ಒಮ್ಮೆ ಹೋಗಿಬನ್ನಿ.

ಕೆಲವು ಲಕ್ಷಣಗಳಿಗೆ ಕಾಯಲೇಬಾರದು. ಹಳದಿ ಕೀವು, ಜ್ವರ, ಅಥವಾ ಇಸುಬಿನ ಜಾಗದಲ್ಲಿ ಒಮ್ಮೆಲೇ ಗುಂಪುಗುಂಪಾಗಿ ನೀರ್ಗುಳ್ಳೆ ಎದ್ದರೆ ಅದೇ ದಿನ ಆಸ್ಪತ್ರೆಗೆ ಓಡಿ. ಇಂಥ ನೀರ್ಗುಳ್ಳೆ ಹೆಚ್ಚಾಗಿ ಹರ್ಪಿಸ್ ವೈರಸ್ಸಿನಿಂದ, ಪ್ರಾಣಕ್ಕೂ ಅಪಾಯ. ನಿಮ್ಮ ತುಟಿಯಂಚಿನಲ್ಲಿ ಗುಳ್ಳೆ ಇದ್ದಾಗ ಕೂಸಿಗೆ ಮುತ್ತಿಡಬೇಡಿ.

ಮೊಮ್ಮಗ ಈಗ ಅಂಗನವಾಡಿಗೆ ಹೋಗುತ್ತಾನೆ. ಚಳಿಗಾಲದಲ್ಲಿ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಇಸುಬು ಇನ್ನೂ ಬರುತ್ತದೆ, ಹೋಗುತ್ತದೆ. ದೊಡ್ಡವರಾಗುತ್ತಾ ಬಹಳ ಮಕ್ಕಳಿಗೆ ಕಡಿಮೆಯಾಗುತ್ತದೆಂದು ಡಾಕ್ಟರು ಹೇಳಿದ್ದಾರೆ. ರಾತ್ರಿ ಮಲಗುವ ಮೊದಲು ಅವನೇ ಕ್ರೀಮಿನ ಡಬ್ಬಿ ಹಿಡಿದು ನನ್ನ ಹತ್ತಿರ ಬರುತ್ತಾನೆ.

ಅರ್ಧ ಬಳಸಿದ ಅಂಥ ಟ್ಯೂಬೊಂದು ನಿಮ್ಮ ಕಪಾಟಿನಲ್ಲೂ ಇರಬಹುದು. ಕೂಸಿನ ಕೆನ್ನೆ ಮುಟ್ಟುವ ಮೊದಲು, ಇವತ್ತೇ ತೆಗೆದು ಎಸೆಯಿರಿ.