ಬಂಡೆಯ ಬಣ್ಣ ಮತ್ತು ಛಾಯಾಚಿತ್ರ

ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ನಿಸರ್ಗಚಿತ್ರ ಬರೆಯುವುದು ಸರಿಯೇ? ಅದು ಬರಿಯ ನಕಲು, ಕಲೆಗೆ ಬಗೆದ ದ್ರೋಹ ಎನ್ನುವವರು ಕೆಲವರು. ಕೈಯಲ್ಲಿ ಯಂತ್ರವಿರುವಾಗ ಬಿಸಿಲಿನಲ್ಲಿ ಕುಳಿತು ಬೇಯುವುದೇಕೆ ಎನ್ನುವವರು ಮತ್ತೆ ಕೆಲವರು. ನನಗೆ ಈ ಎರಡು ವಾದಗಳೂ ಒಪ್ಪಿಗೆಯಾಗಿಲ್ಲ. ಛಾಯಾಚಿತ್ರವನ್ನು ಏನು ಕೇಳಬೇಕು, ಏನು ಕೇಳಬಾರದು ಎಂಬುದನ್ನು ಅರಿತವನು ಅದನ್ನು ಧಾರಾಳವಾಗಿ ಬಳಸಬಹುದು.

ಪ್ಯಾಸ್ಟೆಲ್ ಎಂಬುದು ಬಣ್ಣದ ಪುಡಿಗೆ ಅತ್ಯಲ್ಪ ಅಂಟು ಸೇರಿಸಿ ಮಾಡಿದ ಕಡ್ಡಿ. ಶಾಲೆಯ ಮಕ್ಕಳ ಕೈಗೆ ಸಾಮಾನ್ಯವಾಗಿ ಬರುವುದು ಎಣ್ಣೆ, ಮೇಣ ಬೆರೆಸಿದ ಇನ್ನೊಂದು ಬಗೆ. ಜಲವರ್ಣವನ್ನು ತಟ್ಟೆಯಲ್ಲಿ ಕಲಸಿಕೊಳ್ಳುವಂತೆ ಈ ಎರಡನ್ನೂ ಕಲಸಿಕೊಳ್ಳಲಾಗದು. ಪೆಟ್ಟಿಗೆಯಲ್ಲಿರುವ ಕಡ್ಡಿಗಳಿಂದಲೇ ಆರಿಸಿ, ಒಂದರ ಮೇಲೊಂದು ಎಳೆದು, ತರಿತರಿಯಾದ ಕಾಗದದ ಮೇಲೆಯೇ ಬಣ್ಣವನ್ನು ಹೊಂದಿಸಬೇಕು. ಆದಕಾರಣ ಪ್ರತಿಯೊಂದು ಗೆರೆಗೂ ಮುನ್ನ ‘ಇದು ಯಾವ ಬಣ್ಣ?’ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ. ಛಾಯಾಚಿತ್ರವು ನಮ್ಮನ್ನು ದಾರಿ ತಪ್ಪಿಸುವುದು ಈ ಪ್ರಶ್ನೆಯಲ್ಲಿಯೇ.

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇ ನೋಡಿ. ನಡುಹಗಲಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ಬಂಡೆಯ ಬಿಸಿಲು ಬಿದ್ದ ಮೈ ಸುಣ್ಣ ಬಳಿದಂತೆ ಬಿಳಿದು, ನೆರಳಿನ ಮೈ ಬರಿಯ ಮಸಿ. ಸ್ಥಳದಲ್ಲಿ ನಿಂತವನಿಗೆ ಆ ಮಸಿಯೊಳಗೆ ಆಕಾಶದ ನೀಲಿ ಕಾಣುತ್ತದೆ, ನೇರಿಳೆ ಕಾಣುತ್ತದೆ. ಬಿಸಿಲು ಕಾದ ನೆಲದಿಂದ ಪುಟಿದು ಬಂದ ಕೆಮ್ಮಣ್ಣಿನ ಛಾಯೆಯೂ ಕಾಣುತ್ತದೆ. ಬೂದು ಎಂದು ನಾವು ಉದಾಸೀನದಿಂದ ಕರೆಯುವ ಕಲ್ಲು ಬೆಳಗಿನ ಹೊತ್ತು ಒಂದು ಬಣ್ಣ, ಸಂಜೆ ಮತ್ತೊಂದು ಬಣ್ಣ. ಬಂಡೆಗೂ ಅದರ ಮೇಲೆದ್ದ ಕೋಟೆಗೋಡೆಗೂ ಕಲ್ಲು ಒಂದೇ. ಎರಡರ ಭೇದವನ್ನು ತಿಳಿಸುವುದು ಬೆಳಕು. ನಮ್ಮ ಕಣ್ಣು ಬಿಸಿಲಿಗೊಮ್ಮೆ, ನೆರಳಿಗೊಮ್ಮೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಕ್ಯಾಮೆರಾ ಎರಡನ್ನೂ ಒಂದೇ ಅಳತೆಯಲ್ಲಿ ಹಿಡಿಯಬೇಕು. ಈ ತೊಡಕು ಇಂದಿನದಲ್ಲ. 1850ರ ದಶಕದಲ್ಲಿಯೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಹಾಳೆಯ ಮೇಲೆ ಮುದ್ರಿಸಬೇಕಾಯಿತು. ಇಂದಿನ ಮೊಬೈಲ್ ಫೋನು ಹಲವು ಚಿತ್ರಗಳನ್ನು ಕ್ಷಣಮಾತ್ರದಲ್ಲಿ ಬೆಸೆದು ಅದೇ ಕೆಲಸವನ್ನು ಮಾಡುತ್ತದೆ. ಆದರೆ ಆಕಾಶ ಎಷ್ಟು ನೀಲಿಯಾಗಿರಬೇಕೆಂಬುದನ್ನೂ ನಮ್ಮನ್ನು ಕೇಳದೆ ತಾನೇ ತೀರ್ಮಾನಿಸಿಬಿಡುತ್ತದೆ!

ಹಾಗೆಂದು ಛಾಯಾಚಿತ್ರವನ್ನು ತಿರಸ್ಕರಿಸುವುದು ಅವಿವೇಕ. ಓಡುವ ಕುದುರೆ ನಾಲ್ಕು ಕಾಲುಗಳನ್ನೂ ಹಿಂದಕ್ಕೂ ಮುಂದಕ್ಕೂ ಚಾಚಿ ಹಾರುತ್ತದೆಂದು ಚಿತ್ರಕಾರರು ಬಹುಕಾಲ ಬರೆಯುತ್ತಿದ್ದರು. ಅದು ಸುಳ್ಳೆಂದು ತೋರಿಸಿದ್ದು 1878ರಲ್ಲಿ ಮೈಬ್ರಿಜ್ ತೆಗೆದ ಛಾಯಾಚಿತ್ರಗಳು. ಪ್ಯಾಸ್ಟೆಲ್ ಕಲೆಯಲ್ಲಿ ಅಗ್ರಗಣ್ಯನಾದ ದೆಗಾ ಆ ಚಿತ್ರಗಳನ್ನು ಅಭ್ಯಾಸ ಮಾಡಿದನು. ಮುಂದೆ ತಾನೇ ಕ್ಯಾಮೆರಾ ಹಿಡಿದನು. ಇಷ್ಟು ದೂರದ ನಿದರ್ಶನವೂ ಬೇಡ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಅಂತಹ ನೋಟವನ್ನು ನೋಡುವ ಭಾಗ್ಯ ದೊರೆತವನು ಛಾಯಾಚಿತ್ರವನ್ನೂ ತೆಗೆದುಕೊಳ್ಳಲಿ. ಧುಮುಕುವ ನೀರು ಚಿತ್ರಕಾರನಿಗಾಗಿ ನಿಲ್ಲುವುದಿಲ್ಲ.

ನಿಜವಾದ ಕೇಡು ಇರುವುದು ಬೇರೆಡೆ. ಯಾರೋ ಎಲ್ಲಿಯೋ ತೆಗೆದ ಚಿತ್ರವನ್ನು ನೋಡಿ ಬರೆಯುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಬೇರೂರಿದೆ. ಶಾಲೆಗಳ ಚಿತ್ರಪ್ರದರ್ಶನಗಳಿಗೆ ಹೋದಾಗಲೆಲ್ಲ ಕ್ಯಾಲೆಂಡರಿನ ಹಿಮಪರ್ವತ, ಅದರ ಕೆಳಗೊಂದು ಸರೋವರ, ದಡದಲ್ಲೊಂದು ಮರದ ಮನೆ ನನ್ನ ಕಣ್ಣಿಗೆ ಬೀಳುತ್ತವೆ. ಬರೆದ ಬಾಲಕ ಹಿಮವನ್ನು ಮುಟ್ಟಿದವನಲ್ಲ. ಅವನ ಊರಿನ ಸುತ್ತ ಹಿರಿಯೂರಿನ ಕಪ್ಪು ನೆಲವಿದೆ, ಹೊಸದುರ್ಗದ ತೆಂಗಿನ ಸಾಲಿದೆ, ಹೊಳಲ್ಕೆರೆಯ ಅಡಿಕೆ ತೋಟದ ತಂಪು ಹಸುರಿದೆ, ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ‘ನಮ್ಮದು ಬರಗಾಲದ ಸೀಮೆ ಸಾರ್, ಇಲ್ಲಿ ಬರೆಯಲು ಏನಿದೆ?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದುಂಟು. ಮಳೆ ಕಡಿಮೆಯಾದ ಮಾತ್ರಕ್ಕೆ ಬಣ್ಣ ಕಡಿಮೆಯಾಗುವುದಿಲ್ಲ. ತನ್ನ ನೆಲವನ್ನು ನೋಡಲು ಯೋಗ್ಯವಲ್ಲವೆಂದು ಹದಿನಾಲ್ಕನೆಯ ವಯಸ್ಸಿಗೇ ನಂಬಿದವನು ಮುಂದೆ ಅದನ್ನು ಕಾಪಾಡಲು ಏಕೆ ಹೊರಟಾನು? ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯನವರು (1910–1988) ಬಣ್ಣದ ಸಲಕರಣೆಗಳನ್ನು ಹೊತ್ತು ಆ ಮರಗಳ ಎದುರಿಗೇ ಹೋಗಿ ನಿಲ್ಲುತ್ತಿದ್ದರು. ಅವರ ಚಿತ್ರಗಳ ಮುಂದೆ ನಿಂತರೆ ಬಿಸಿಲು ಮುಖಕ್ಕೆ ತಾಗಿದಂತಾಗುತ್ತದೆ.

ಆದುದರಿಂದ ಬರೆಯಬೇಕೆಂದಿರುವ ಸ್ಥಳಕ್ಕೆ ನೀವೇ ಹೋಗಿ. ಅರ್ಧ ಗಂಟೆಯಾದರೂ ಸುಮ್ಮನೆ ನೋಡಿ. ಒಂದು ಚೀಟಿಯ ಮೇಲೆ ಬಂಡೆ, ನೆರಳು, ನೆಲ, ಆಕಾಶ ಇವುಗಳಿಗೆ ಹೊಂದುವ ಕಡ್ಡಿಗಳಿಂದ ಒಂದೊಂದು ಗೆರೆ ಎಳೆದು, ಹೊತ್ತು ಎಷ್ಟೆಂದು ಬರೆದಿಡಿ. ಅನಂತರ ಛಾಯಾಚಿತ್ರ ತೆಗೆಯಿರಿ. ಮನೆಯಲ್ಲಿ ಬರೆಯಲು ಕುಳಿತಾಗ ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡುವುದು ಒಳ್ಳೆಯದು. ಆಗ ಅದು ಆಕಾರವನ್ನೂ ಬೆಳಕು-ನೆರಳಿನ ಎಲ್ಲೆಯನ್ನೂ ಮಾತ್ರ ಹೇಳುತ್ತದೆ. ಬಣ್ಣದ ಮಾತಿಗೆ ನಿಮ್ಮ ಚೀಟಿಯಿದೆ. ಚೀಟಿಗೂ ನೆನಪಿಗೂ ಹೊಂದಿಕೆಯಾಗದಿದ್ದರೆ ಮರುದಿನ ಅದೇ ಹೊತ್ತಿಗೆ ಅದೇ ಬಂಡೆಯ ಎದುರು ಹೋಗಿ ಕುಳಿತುಕೊಳ್ಳಿ.