ಕಾಡುಬೆಕ್ಕಿಗೆ ಚಪ್ಪಾಳೆ, ತೋಳಕ್ಕೆ ಗುಂಡು: ಸ್ಪೇನ್ ಕಲಿಸುವ ಪಾಠ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಈ ಸಾಲನ್ನು ಒಮ್ಮೆಯಾದರೂ ಬರೆದುಕೊಂಡಿರುತ್ತೇವೆ: ‘2024ರ ಜೂನ್‌ನಲ್ಲಿ ಐಬೀರಿಯನ್ ಲಿಂಕ್ಸ್ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ವರ್ಗದಿಂದ ದುರ್ಬಲ ವರ್ಗಕ್ಕೆ ಬಂದಿದೆ.’ ಪ್ರಚಲಿತ ವಿದ್ಯಮಾನಗಳ ನೋಟ್ಸ್‌ನಲ್ಲಿ ಇದಕ್ಕೆ ಒಂದು ಸಾಲು, ಒಂದು ಅಂಕ. ಅದೇ ಸ್ಪೇನ್ ದೇಶದ ಇನ್ನೊಂದು ಸುದ್ದಿ ಮಾತ್ರ ನಮ್ಮ ನೋಟ್ಸ್‌ಗೆ ಬರಲಿಲ್ಲ. ಒಂಬತ್ತು ತಿಂಗಳ ನಂತರ, 2025ರ ಮಾರ್ಚ್ 20ರಂದು, ಅಲ್ಲಿನ ಸಂಸತ್ತು ದೇಶದ ಉತ್ತರ ಭಾಗದ ತೋಳಗಳನ್ನು ವಿಶೇಷ ಸಂರಕ್ಷಣೆಯ ಪಟ್ಟಿಯಿಂದ ಕೈಬಿಟ್ಟಿತು. ಅದು ವನ್ಯಜೀವಿ ಕಾಯ್ದೆಯ ಮೂಲಕ ಆದ ಬದಲಾವಣೆಯೂ ಅಲ್ಲ. ಆಹಾರ ಪೋಲು ಮಾಡುವುದನ್ನು ತಡೆಯುವ ಕಾಯ್ದೆಯೊಂದಕ್ಕೆ ತಿದ್ದುಪಡಿ ಸೇರಿಸಿ ಈ ಕೆಲಸ ಮುಗಿಸಲಾಯಿತು.

ಒಂದು ಪ್ರಾಣಿಯ ಚೇತರಿಕೆಯನ್ನು ಜಗತ್ತಿಗೆ ಹೆಮ್ಮೆಯಿಂದ ತೋರಿಸುವ ದೇಶ, ಇನ್ನೊಂದು ಪ್ರಾಣಿಗೆ ಬಂದೂಕು ಎತ್ತಲು ಅನುಮತಿ ಕೊಟ್ಟಿದ್ದು ಯಾಕೆ? ಈ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ‘ಸಂರಕ್ಷಣಾ ಸ್ಥಿತಿ’ ಎಂಬ ಪದದ ನಿಜವಾದ ಅರ್ಥ ತಿಳಿಯುತ್ತದೆ ಎಂದು ನನಗನ್ನಿಸುತ್ತದೆ.

94ರಿಂದ 2,401ಕ್ಕೆ

ಮೊದಲು ಲಿಂಕ್ಸ್ ಕಥೆ. ಕಿವಿಯ ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು, ಕೆನ್ನೆಯಲ್ಲಿ ಗಡ್ಡ, ಮೈತುಂಬ ಚುಕ್ಕೆ, ಮೊಂಡು ಬಾಲ. ಸ್ಪೇನ್ ಮತ್ತು ಪೋರ್ಚುಗಲ್ ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಡಿನಲ್ಲಿ ಕಾಣಸಿಗದ ಕಾಡುಬೆಕ್ಕು ಇದು. 2002ರಲ್ಲಿ ಎಣಿಸಿದಾಗ ಸಿಕ್ಕಿದ್ದು ಬರೀ 94. ಅದೂ ದಕ್ಷಿಣ ಸ್ಪೇನ್‌ನ ಎರಡೇ ಜಾಗಗಳಲ್ಲಿ: ದೊನ್ಯಾನಾ ಮತ್ತು ಸಿಯೆರಾ ಮೊರೇನಾದ ಆಂಡುಹಾರ್ ಪ್ರದೇಶ. 

ಇಷ್ಟು ಕುಸಿಯಲು ಬೇಟೆ, ರಸ್ತೆಗಳು, ಕಾಡಿನ ನಾಶ ಎಲ್ಲವೂ ಕಾರಣ. ಆದರೆ ದೊಡ್ಡ ಕಾರಣ ಮೊಲ. ಲಿಂಕ್ಸ್‌ನ ಊಟದ ಬಹುಪಾಲು ಮೊಲವೇ. ದೊಡ್ಡ ಲಿಂಕ್ಸ್‌ಗೆ ದಿನಕ್ಕೆ ಒಂದು ಮೊಲ ಬೇಕು. 1952ರಲ್ಲಿ ಫ್ರಾನ್ಸ್‌ನ ವೈದ್ಯನೊಬ್ಬ ತನ್ನ ಎಸ್ಟೇಟಿನ ಮೊಲಗಳ ಕಾಟ ತಾಳಲಾರದೆ ಮಿಕ್ಸೊಮಟೋಸಿಸ್ ಎಂಬ ರೋಗದ ವೈರಸ್ಸನ್ನು ಬಿಟ್ಟ. ಅದು ಗಡಿ ದಾಟಿ ಯುರೋಪಿನ ಉದ್ದಗಲಕ್ಕೂ ಹಬ್ಬಿತು. 1980ರ ದಶಕದ ಕೊನೆಗೆ ಮೊಲಗಳಿಗೆ ರಕ್ತಸ್ರಾವದ ಇನ್ನೊಂದು ರೋಗವೂ ಬಂತು. ಮೊಲ ಸತ್ತಲ್ಲೆಲ್ಲ ಲಿಂಕ್ಸ್ ಉಪವಾಸ ಬಿದ್ದಿತು.

ನಂತರದ ಇಪ್ಪತ್ತು ವರ್ಷ ನಡೆದದ್ದು ತಾಳ್ಮೆಯ ಕೆಲಸ. 2005ರ ಮಾರ್ಚ್‌ನಲ್ಲಿ ದೊನ್ಯಾನಾದ ಎಲ್ ಅಸೆಬುಚೆ ಕೇಂದ್ರದಲ್ಲಿ ಸಾಲಿಯೇಗಾ ಎಂಬ ಹೆಣ್ಣು ಲಿಂಕ್ಸ್ ಮರಿ ಹಾಕಿತು. ಈ ಪ್ರಭೇದ ಮನುಷ್ಯರ ಆರೈಕೆಯಲ್ಲಿ ಮರಿ ಹಾಕಿದ್ದು ಅದೇ ಮೊದಲು. ಹಾಗೆ ಬೆಳೆಸಿದವನ್ನು ಬೇರೆ ಬೇರೆ ಪ್ರಾಂತ್ಯಗಳ ಕಾಡಿಗೆ, ಗಡಿಯಾಚೆ ಪೋರ್ಚುಗಲ್‌ಗೂ ಬಿಡಲಾಯಿತು. ಐರೋಪ್ಯ ಒಕ್ಕೂಟದ ‘ಲೈಫ್’ ಯೋಜನೆಯಿಂದ ಹಣ ಬಂತು. ಖಾಸಗಿ ಎಸ್ಟೇಟಿನ ಮಾಲೀಕರ ಜೊತೆ ಒಪ್ಪಂದಗಳಾದವು. ಮೊಲಗಳಿಗೆ ಬಿಲ ಕಟ್ಟಿಕೊಟ್ಟರು, ರಸ್ತೆಯಡಿ ದಾಟುದಾರಿಗಳನ್ನು ಮಾಡಿದರು. 2024ರ ಗಣತಿಯಲ್ಲಿ ಎರಡೂ ದೇಶ ಸೇರಿ 2,401 ಲಿಂಕ್ಸ್ ಸಿಕ್ಕವು.

ನಿಜಕ್ಕೂ ಇದು ಚಪ್ಪಾಳೆಗೆ ಅರ್ಹ. ಆದರೆ ‘ದುರ್ಬಲ’ ಎಂಬ ಪದದೊಳಗೆ ಏನಿದೆ ಎಂದೂ ನೋಡಬೇಕು. ಕೆಂಪು ಪಟ್ಟಿಯವರು ಮರಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂತಾನೋತ್ಪತ್ತಿ ಮಾಡಬಲ್ಲ ವಯಸ್ಕ ಪ್ರಾಣಿಗಳನ್ನಷ್ಟೇ ಎಣಿಸುತ್ತಾರೆ. ಆ ಲೆಕ್ಕದಲ್ಲಿ 2001ರಲ್ಲಿ ಇದ್ದದ್ದು 62, 2022ರಲ್ಲಿ 648. ಅಂದರೆ ಇಡೀ ಪ್ರಭೇದದ ಭಾರ ಹೊತ್ತಿರುವ ಪ್ರಾಣಿಗಳ ಸಂಖ್ಯೆ ನಮ್ಮ ಒಂದು ಪದವಿ ಕಾಲೇಜಿನ ವಿದ್ಯಾರ್ಥಿಗಳಿಗಿಂತ ಕಡಿಮೆ. ವರ್ಷಕ್ಕೆ ನೂರಕ್ಕೂ ಹೆಚ್ಚು ಲಿಂಕ್ಸ್ ವಾಹನಗಳಿಗೆ ಸಿಕ್ಕಿ ಸಾಯುತ್ತಿವೆ. ಅದರ ಊಟವಾದ ಮೊಲವನ್ನೇ ಐಯುಸಿಎನ್ 2019ರಲ್ಲಿ ಅದರ ತವರು ನೆಲದಲ್ಲಿ ಅಳಿವಿನಂಚಿನ ವರ್ಗಕ್ಕೆ ಸೇರಿಸಿದೆ. ತಟ್ಟೆ ಖಾಲಿಯಾಗುತ್ತಿರುವಾಗ ಉಣ್ಣುವವನ ಆರೋಗ್ಯ ಸುಧಾರಿಸಿದೆ ಎಂದು ವರದಿ ಬಂದಂತಾಗಿದೆ ಇದು.

ನದಿಯೊಂದು ಎಳೆದ ಗೆರೆ

ಇನ್ನು ತೋಳ. ಒಂದು ಕಾಲದಲ್ಲಿ ಸ್ಪೇನ್ ಸರ್ಕಾರವೇ ತೋಳ ಕೊಂದವರಿಗೆ ಬಹುಮಾನ ಕೊಡುತ್ತಿತ್ತು. 1953ರ ಆದೇಶದಂತೆ ‘ಹಾನಿಕಾರಕ ಪ್ರಾಣಿಗಳ ನಿರ್ಮೂಲನೆ’ಗೆಂದೇ ಪ್ರಾಂತ್ಯಗಳಲ್ಲಿ ಸಮಿತಿಗಳಿದ್ದವು. 1970ರ ಬೇಟೆ ಕಾಯ್ದೆ ತೋಳವನ್ನು ಪೀಡೆಯ ಪಟ್ಟಿಯಿಂದ ತೆಗೆದು ನಿಯಮಬದ್ಧವಾಗಿ ಬೇಟೆಯಾಡುವ ಪ್ರಾಣಿಯನ್ನಾಗಿ ಮಾಡಿತು. ಅದೇ ದಶಕದಲ್ಲಿ ಫೆಲಿಕ್ಸ್ ರೊದ್ರಿಗೇಸ್ ದೆ ಲಾ ಫುಯೆಂತೆ ಅವರ ಟಿ.ವಿ. ಕಾರ್ಯಕ್ರಮಗಳು ತೋಳದ ಬಗ್ಗೆ ಜನರ ಮನಸ್ಸನ್ನೇ ಬದಲಿಸಿದವು.

ಮುಂದೆ ಯುರೋಪಿನ ಆವಾಸಸ್ಥಾನ ನಿರ್ದೇಶನ ಬಂದಾಗ ದುಯೆರೊ ನದಿಯೇ ಗಡಿಯಾಯಿತು. ನದಿಯ ದಕ್ಷಿಣಕ್ಕಿರುವ ತೋಳಕ್ಕೆ ಕಟ್ಟುನಿಟ್ಟಿನ ರಕ್ಷಣೆ. ಉತ್ತರಕ್ಕಿರುವುದನ್ನು ಮಿತಿಯೊಳಗೆ ಬೇಟೆಯಾಡಬಹುದು. ಈಜಿ ನದಿ ದಾಟಿದ ತೋಳಕ್ಕೆ ತನ್ನ ಕಾನೂನು ಬದಲಾಯಿತೆಂದು ಗೊತ್ತಾಗುವುದು ಹೇಗೆ? 2021ರ ಸೆಪ್ಟೆಂಬರ್‌ನಲ್ಲಿ ಸ್ಪೇನ್ ಸರ್ಕಾರ ಇಡೀ ದೇಶದ ತೋಳಗಳನ್ನು ವಿಶೇಷ ಸಂರಕ್ಷಣೆಯ ಪಟ್ಟಿಗೆ ಸೇರಿಸಿ ಈ ಗೆರೆ ಅಳಿಸಿತು. ದೇಶದ ಬಹುತೇಕ ತೋಳಗಳಿರುವ ಉತ್ತರದ ನಾಲ್ಕು ಪ್ರಾಂತ್ಯಗಳು, ಅಂದರೆ ಗಲಿಸಿಯಾ, ಆಸ್ತೂರಿಯಸ್, ಕಾಂಟಾಬ್ರಿಯಾ ಮತ್ತು ಕಾಸ್ತಿಯಾ ಇ ಲಿಯೋನ್, ಅಂದೇ ತಿರುಗಿಬಿದ್ದವು. 2025ರ ಮತದಾನ ಆ ಸಿಟ್ಟಿನ ಮುಂದುವರಿಕೆ. ವಿರೋಧ ಪಕ್ಷವಾದ ಪಾಪ್ಯುಲರ್ ಪಾರ್ಟಿಯ ಮುಂದಾಳತ್ವದಲ್ಲಿ ತಿದ್ದುಪಡಿ ಗೆದ್ದಿತು, ಗೆರೆ ಮತ್ತೆ ಮೂಡಿತು. ಸ್ವಲ್ಪ ದಿನದಲ್ಲೇ ಕಾಂಟಾಬ್ರಿಯಾದಂತಹ ಪ್ರಾಂತ್ಯಗಳು ಎಷ್ಟು ತೋಳಗಳನ್ನು ಕೊಲ್ಲಬಹುದು ಎಂಬ ಲೆಕ್ಕವನ್ನೂ ಪ್ರಕಟಿಸಿದವು.

ಯುರೋಪಿನಾದ್ಯಂತ ಗಾಳಿ ಅದೇ ದಿಕ್ಕಿಗೆ ಬೀಸುತ್ತಿದೆ. 2024ರ ಡಿಸೆಂಬರ್‌ನಲ್ಲಿ ಬರ್ನ್ ಒಪ್ಪಂದದ ದೇಶಗಳು ತೋಳವನ್ನು ‘ಕಟ್ಟುನಿಟ್ಟಾಗಿ ರಕ್ಷಿತ’ ಸ್ಥಾನದಿಂದ ‘ರಕ್ಷಿತ’ ಸ್ಥಾನಕ್ಕೆ ಇಳಿಸಿದವು. 2025ರ ಮೇ ತಿಂಗಳಲ್ಲಿ ಐರೋಪ್ಯ ಸಂಸತ್ತು ಇದಕ್ಕೆ ತಕ್ಕಂತೆ ತನ್ನ ಕಾನೂನನ್ನು ಸಡಿಲಿಸಲು ಒಪ್ಪಿತು. ಗಮನಿಸಬೇಕಾದ ವಿಷಯವೆಂದರೆ, ಐರೋಪ್ಯ ಒಕ್ಕೂಟದೊಳಗೆ ಈ ಪ್ರಸ್ತಾವದ ವಿರುದ್ಧ ಮತ ಹಾಕಿದ್ದು ಎರಡೇ ದೇಶಗಳು: ಐರ್ಲೆಂಡ್ ಮತ್ತು ಇದೇ ಸ್ಪೇನ್. ಬ್ರಸೆಲ್ಸ್‌ನಲ್ಲಿ ತೋಳದ ಪರ ನಿಂತ ಸರ್ಕಾರ ತನ್ನದೇ ಸಂಸತ್ತಿನಲ್ಲಿ ಸೋತಿತು.

ಅಂಕಿಗಳು ಏನು ಹೇಳುತ್ತವೆ?

2012–14ರ ಗಣತಿಯಲ್ಲಿ ಸ್ಪೇನ್‌ನಲ್ಲಿದ್ದ ತೋಳದ ಹಿಂಡುಗಳು 297. 2021–24ರ ಗಣತಿಯಲ್ಲಿ 333. ಹತ್ತು ವರ್ಷದಲ್ಲಿ ಹೆಚ್ಚಾಗಿದ್ದು ಶೇ 12ರಷ್ಟು. ಇದೇ ಅವಧಿಯಲ್ಲಿ ದಕ್ಷಿಣದ ಆಂಡಲೂಸಿಯಾದಲ್ಲಿ ತೋಳ ಪೂರ್ತಿ ಕಣ್ಮರೆಯಾಯಿತು. ಲಿಂಕ್ಸ್ ಮರುಹುಟ್ಟು ಪಡೆದ ಸಿಯೆರಾ ಮೊರೇನಾ ಬೆಟ್ಟಗಳಲ್ಲೇ ತೋಳ ಇಲ್ಲವಾಯಿತು ಎಂಬುದು ನನ್ನನ್ನು ಬಹಳ ಕಾಡಿದ ಸಂಗತಿ.

‘ತೋಳ ವಿಪರೀತ ಹೆಚ್ಚಾಗಿದೆ’ ಎಂಬ ಮಾತು ಈ ಅಂಕಿಗಳ ಮುಂದೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಐರೋಪ್ಯ ನ್ಯಾಯಾಲಯವೂ 2024ರ ಜುಲೈ 29ರಂದು ಇದನ್ನೇ ಹೇಳಿತ್ತು. ದೇಶದ ಮಟ್ಟದಲ್ಲಿ ತೋಳದ ಸ್ಥಿತಿ ತೃಪ್ತಿಕರವಲ್ಲ ಎಂದಿರುವಾಗ ಕಾಸ್ತಿಯಾ ಇ ಲಿಯೋನ್ ಪ್ರಾಂತ್ಯ ಅದನ್ನು ಬೇಟೆಯ ಪ್ರಾಣಿ ಎಂದು ಗುರುತಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ನದಿಯ ಉತ್ತರಕ್ಕಿದ್ದರೂ ಅಷ್ಟೇ. ಕಾನೂನು ಸಡಿಲವಾದರೂ ‘ತೃಪ್ತಿಕರ ಸ್ಥಿತಿ’ಗೆ ತರುವ ಹೊಣೆಯಿಂದ ದೇಶಗಳಿಗೆ ಬಿಡುಗಡೆ ಇಲ್ಲ.

ಹಾಗಾದರೆ ಎರಡು ಪ್ರಾಣಿಗಳ ನಡುವೆ ವ್ಯತ್ಯಾಸ ಎಲ್ಲಿದೆ? ಉತ್ತರ ಸರಳ. ಲಿಂಕ್ಸ್ ತಿನ್ನುವುದು ಮೊಲ. ತೋಳ ತಿನ್ನುವುದು ಜಿಂಕೆ, ಕಾಡುಹಂದಿಯ ಜೊತೆಗೆ ಕುರಿ, ಕರು ಕೂಡ. ಮೊಲ ಹೋದರೆ ಬಡವಾಗುವ ಮನೆ ಇಲ್ಲ. ಕುರಿ ಹೋದರೆ ಇದೆ.

ಕುರಿಗಾಹಿಯ ಮಾತನ್ನೂ ಕೇಳೋಣ

ನಮ್ಮದು ಕೊಪ್ಪಳ ಜಿಲ್ಲೆಯ ಕುರಿ ಸಾಕುವ ಮನೆತನ. ಸೋದರಮಾವ ಈಗಲೂ ವರ್ಷದ ಎಂಟು ತಿಂಗಳು ಕುರಿ ಹಿಂಡಿನ ಹಿಂದೆ ಊರೂರು ತಿರುಗುತ್ತಾನೆ. ಹೀಗಾಗಿ ಸ್ಪೇನ್‌ನ ಕುರಿಗಾಹಿಯನ್ನು ಖಳನಾಯಕ ಎಂದು ಬರೆಯಲು ನನ್ನಿಂದಾಗದು. ತೋಳದ ವಿಷಯ ತೆಗೆದಾಗ ಮಾವ ಹೇಳಿದ್ದು ಇಷ್ಟು: “ತ್ವಾಳ ಬರೂದು ಅದರ ಧರ್ಮ. ಅದರ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಹೋದ ಮರಿ ಲೆಕ್ಕ ಯಾರಾದ್ರೂ ಕೇಳಬೇಕಲ್ಲೊ ತಮ್ಮಾ?” ಪರಿಹಾರಕ್ಕೆ ಸತ್ತ ಮರಿಯ ಫೋಟೊ ಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಅರ್ಜಿ ಹಿಡಿದು ಕಚೇರಿಗೆ ಅಲೆಯಬೇಕು. ಹಿಂಡು ಅಷ್ಟರೊಳಗೆ ಎರಡು ಊರು ದಾಟಿರುತ್ತದೆ. ಮಾವ ಅರ್ಜಿ ಹಾಕುವುದನ್ನೇ ಬಿಟ್ಟಿದ್ದಾನೆ. ನಮ್ಮ ಜಿಲ್ಲೆಯ ಬಂಕಾಪುರದ ತೋಳಧಾಮದ ಸುದ್ದಿ ಬಂದಾಗ ನನಗಾದ ಖುಷಿ ದೊಡ್ಡದು. ಆದರೆ ಮಾವನ ಪ್ರಶ್ನೆಯೂ ಚಿಕ್ಕದಲ್ಲ.

ಸ್ಪೇನ್‌ನಲ್ಲೂ ಜಗಳದ ಬೇರು ಇಲ್ಲೇ ಇದೆ. ಝಮೋರಾ ಸೀಮೆಯ ಸಿಯೆರಾ ದೆ ಲಾ ಕುಲೇಬ್ರಾ ಬೆಟ್ಟಗಳಲ್ಲಿ ತೋಳ ಎಂದೂ ಪೂರ್ತಿ ಅಳಿದಿರಲಿಲ್ಲ. ಅಲ್ಲಿಯ ಕುರಿಗಾಹಿಗಳು ಮಾಸ್ತಿನ್ ಎಂಬ ದೈತ್ಯ ಕಾವಲುನಾಯಿಗಳನ್ನು ಸಾಕುತ್ತಾರೆ, ರಾತ್ರಿ ಹಿಂಡನ್ನು ದೊಡ್ಡಿಗೆ ಕೂಡುತ್ತಾರೆ. ತೋಳದ ಜೊತೆ ಬದುಕುವ ವಿದ್ಯೆ ಅವರಿಗೆ ಅಜ್ಜನಿಂದ ಬಂದದ್ದು. ಆದರೆ ತೋಳ ಹಲವು ದಶಕ ಕಾಣದೇ ಹೋದ ಊರುಗಳಲ್ಲಿ ಆ ವಿದ್ಯೆಯೂ ಮರೆತುಹೋಗಿದೆ. ದನಗಳನ್ನು ಬೆಟ್ಟಕ್ಕೆ ಬಿಟ್ಟು ವಾರಕ್ಕೊಮ್ಮೆ ನೋಡಿಬರುವುದು ರೂಢಿಯಾಗಿದೆ. ಅಲ್ಲಿಗೆ ತೋಳ ಮರಳಿ ಬಂದಾಗ ನಾಯಿ, ಬೇಲಿ, ಕೂಲಿ ಎಲ್ಲಕ್ಕೂ ಹೊಸದಾಗಿ ಹಣ ಬೇಕು. ಪಟ್ಟಿಗೆ ಹೆಸರು ಸೇರಿಸುವ ಆದೇಶ ಒಂದು ದಿನದಲ್ಲಿ ಬರುತ್ತದೆ. ಹಣ, ನಾಯಿ, ಬೇಲಿ ಅದೇ ವೇಗದಲ್ಲಿ ಬರುವುದಿಲ್ಲ. ಆ ಅಂತರದಲ್ಲಿ ಹುಟ್ಟಿದ ಸಿಟ್ಟನ್ನೇ ರಾಜಕಾರಣ ಮತವಾಗಿ ಕೊಯ್ದುಕೊಂಡಿತು.

ಗುಂಡು ಹಾರಿಸಿದರೆ ಈ ಸಮಸ್ಯೆ ಮುಗಿಯುತ್ತದೆಯೇ? ತೋಳ ಹಿಂಡಾಗಿ ಬದುಕುವ ಪ್ರಾಣಿ. ಹಿರಿಯ ಜೋಡಿ ಸತ್ತರೆ ಹಿಂಡು ಒಡೆಯುತ್ತದೆ. ದೊಡ್ಡ ಬೇಟೆ ಗೊತ್ತಿಲ್ಲದ ಮರಿತೋಳಗಳಿಗೆ ಸುಲಭವಾಗಿ ಸಿಗುವುದು ಕಾವಲಿಲ್ಲದ ಕುರಿಯೇ. ಕಾವಲು ಇಲ್ಲದಿದ್ದರೆ ಹತ್ತು ತೋಳ ಕೊಂದರೂ ಹನ್ನೊಂದನೆಯದು ಬರುತ್ತದೆ. ಕುರಿಗಾಹಿಗೆ ಬೇಕಿರುವುದು ತೋಳದ ಹೆಣವಲ್ಲ, ತನ್ನ ನಷ್ಟದಲ್ಲಿ ಸಮಾಜದ ಪಾಲು.

ಪಾಠ ತಾನಾಗಿ ಪ್ರಯಾಣ ಮಾಡುವುದಿಲ್ಲ

ಭಾರತಕ್ಕೂ ಸ್ಪೇನ್‌ಗೂ ವನ್ಯಜೀವಿಯ ನೇರ ನಂಟು ಒಂದಿದೆ. ದನಗಳಿಗೆ ಕೊಡುತ್ತಿದ್ದ ನೋವು ನಿವಾರಕ ಡೈಕ್ಲೊಫೆನಾಕ್‌ನಿಂದ ನಮ್ಮ ಬಿಳಿಬೆನ್ನಿನ ರಣಹದ್ದುಗಳು ಶೇ 99ಕ್ಕೂ ಹೆಚ್ಚು ನಾಶವಾದವು. 2006ರಲ್ಲಿ ಭಾರತ ಪಶುಗಳಿಗೆ ಅದರ ಬಳಕೆ ನಿಷೇಧಿಸಿತು. ಯುರೋಪಿನ ಬಹುಪಾಲು ರಣಹದ್ದುಗಳಿಗೆ ಮನೆಯಾದ ಸ್ಪೇನ್ 2013ರಲ್ಲಿ ಅದೇ ಔಷಧಕ್ಕೆ ಪಶುವೈದ್ಯಕೀಯ ಬಳಕೆಯ ಅನುಮತಿ ನೀಡಿತು! ಕೆಲವೇ ವರ್ಷಗಳಲ್ಲಿ ಅಲ್ಲಿ ಕಪ್ಪು ರಣಹದ್ದಿನ ಮರಿಯೊಂದು ಈ ಔಷಧದಿಂದಲೇ ಸತ್ತದ್ದು ದಾಖಲಾಯಿತು. ಒಂದು ದೇಶ ಇಷ್ಟು ಬೆಲೆ ತೆತ್ತು ಕಲಿತದ್ದನ್ನು ಇನ್ನೊಂದು ದೇಶ ಓದಲೇ ಇಲ್ಲ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಬೆರಳೆಣಿಕೆಯ ರಣಹದ್ದುಗಳನ್ನು ಕಂಡವರಿಗೆ ಆ ಬೆಲೆ ಎಷ್ಟೆಂದು ಗೊತ್ತು.

ಸ್ಪೇನ್‌ನಿಂದ ನಾವು ಕಲಿಯಬೇಕಾದದ್ದನ್ನು ನಾವಾದರೂ ಓದೋಣ. ಲಿಂಕ್ಸ್ ಕಲಿಸುವುದು ಇದು: ಹಣ, ವಿಜ್ಞಾನ ಮತ್ತು ಜಮೀನಿನ ಮಾಲೀಕ ಇಪ್ಪತ್ತು ವರ್ಷ ಒಟ್ಟಿಗೆ ನಿಂತರೆ 94 ಪ್ರಾಣಿ ಎರಡು ಸಾವಿರ ದಾಟಬಲ್ಲವು. ತೋಳ ಕಲಿಸುವುದು ಇದು: ಆ ಪ್ರಾಣಿಯ ಜೊತೆ ಬದುಕುವವನನ್ನು ಬಿಟ್ಟು ಮಾಡಿದ ಪಟ್ಟಿ ಒಂದು ಮತದಾನದಲ್ಲಿ ಹರಿದುಹೋಗುತ್ತದೆ.

ಹಾಗಾಗಿ ಗೆಳೆಯರೇ, ಮುಂದಿನ ಬಾರಿ ನೋಟ್ಸ್‌ನಲ್ಲಿ ಯಾವುದಾದರೂ ಪ್ರಾಣಿಯ ‘ಸ್ಥಿತಿ’ ಬದಲಾಯಿತು ಎಂದು ಬರೆದುಕೊಳ್ಳುವಾಗ ಪಕ್ಕದಲ್ಲಿ ಮೂರು ಪ್ರಶ್ನೆ ಬರೆಯಿರಿ. ಎಣಿಸಿದ್ದು ಏನನ್ನು, ವಯಸ್ಕ ಪ್ರಾಣಿಗಳನ್ನೋ ಎಲ್ಲವನ್ನೋ? ಬದಲಾಯಿಸಿದ್ದು ಯಾರು, ವಿಜ್ಞಾನಿಗಳೋ ಶಾಸಕರೋ? ಅದರ ಖರ್ಚು ಯಾರ ತಲೆಯ ಮೇಲೆ? ಪ್ರಿಲಿಮ್ಸ್‌ನಲ್ಲಿ ಇವುಗಳಿಗೆ ಅಂಕ ಸಿಗಲಿಕ್ಕಿಲ್ಲ. ಆದರೆ ನಮ್ಮಲ್ಲಿ ಕೆಲವರು ನಾಳೆ ಅರಣ್ಯ ಇಲಾಖೆಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಕುರ್ಚಿಯಲ್ಲಿ ಕೂರುತ್ತೇವೆ. ಸತ್ತ ಮರಿಯ ಫೋಟೊ ಹಿಡಿದ ಕುರಿಗಾಹಿ ಆಗ ನಮ್ಮ ಮೇಜಿನ ಎದುರೇ ಬಂದು ನಿಲ್ಲುತ್ತಾನೆ. ಅವನ ಅರ್ಜಿಗೆ ಆ ವಾರದಲ್ಲೇ ಸಹಿ ಬಿದ್ದರೆ, ಅದು ತೋಳದ ರಕ್ಷಣೆಗೆ ಬಿದ್ದ ಸಹಿಯೂ ಹೌದು.